ದಮ್ಮು ಕಟ್ಟದೆ ದೂರ ಓಡುವುದು: ಹೊಸಬರಿಗೆ ನಿಧಾನ ಓಟದ ಕ್ರಮ

ಓಡಲು ಶುರು ಮಾಡಿದವರಲ್ಲಿ ಬಹಳ ಮಂದಿ ಮೊದಲ ವಾರದಲ್ಲೇ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ನನಗೆ ದಮ್ಮಿಲ್ಲ. 400-500 ಮೀಟರ್ ಹೋಗುವಷ್ಟರಲ್ಲಿ ಗಂಟಲು ಒಣಗಿ, ಪಕ್ಕೆ ಹಿಡಿದು, ಮೊಣಕಾಲಿನ ಮೇಲೆ ಕೈಯೂರಿ ನಿಂತವರಿಗೆ ಹಾಗನ್ನಿಸುವುದು ಸಹಜ. ಆದರೆ ತಪ್ಪು ದಮ್ಮಿನದಲ್ಲ, ವೇಗದ್ದು. ಓಟ ಎಂದರೆ ಚಿಕ್ಕಂದಿನಲ್ಲಿ ಆಡಿದ ಮುಟ್ಟಾಟದ ಓಟವೇ ನಮ್ಮ ಕಾಲಿಗೆ ನೆನಪಿರುವುದು. ಆ ನೆನಪಿನಲ್ಲೇ ಹೊರಟವರು ಕಿಲೋಮೀಟರಿಗೆ 5 ಅಥವಾ 6 ನಿಮಿಷದ ವೇಗಕ್ಕೆ ಹೋಗಿಬಿಡುತ್ತಾರೆ. ಅದೇ ಮನುಷ್ಯ, ಅದೇ ದಿನ, ಕಿಲೋಮೀಟರಿಗೆ 9 ನಿಮಿಷದಂತೆ ಹೊರಟಿದ್ದರೆ ಅದರ ಎರಡು ಮೂರು ಪಟ್ಟು ದೂರ ಹೋಗಿ, ಇನ್ನೂ ಮಾತಾಡುವ ಸ್ಥಿತಿಯಲ್ಲಿರುತ್ತಿದ್ದ.

ದೂರ ಓಡುವುದನ್ನು ಕಲಿಯುವುದೆಂದರೆ ಮೊದಲು ನಿಧಾನವಾಗಿ ಓಡುವುದನ್ನು ಕಲಿಯುವುದು. ಕೇಳಲು ಸುಲಭ, ಮಾಡಲು ಸುಲಭವಲ್ಲ. ಕಾಲು ತಾನಾಗಿ ಮುಂದೆ ಎಳೆಯುತ್ತದೆ, ಎದುರಿಗೆ ಯಾರಾದರೂ ಬಂದರೆ ಇನ್ನಷ್ಟು ಎಳೆಯುತ್ತದೆ.

ಹದ ಹಿಡಿಯುವುದು

ಸರಿಯಾದ ಹದ ಯಾವುದು ಎಂದು ತಿಳಿಯಲು ಗಡಿಯಾರ ಬೇಕಿಲ್ಲ, ಬಾಯಿ ಸಾಕು. ಓಡುತ್ತಲೇ ಹತ್ತು ಹನ್ನೆರಡು ಪದಗಳ ಒಂದು ಪೂರ್ತಿ ವಾಕ್ಯ ಗಟ್ಟಿಯಾಗಿ ಹೇಳಿ: "ಇವತ್ತು ಬೆಳಿಗ್ಗೆ ಎದ್ದ ಮೇಲೆ ನಾನು ಏನೇನು ಕೆಲಸ ಮಾಡಿದೆ ಅಂದರೆ..." ಹೀಗೆ. ನಡುವೆ ಉಸಿರೆಳೆಯಲು ನಿಲ್ಲಿಸದೆ ವಾಕ್ಯ ಮುಗಿಸಿ, ತಕ್ಷಣ ಇನ್ನೊಂದು ವಾಕ್ಯ ಹೇಳಲು ಆದರೆ ಹದ ಸರಿಯಿದೆ. ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಬೇಕಾದರೆ ವೇಗ ಹೆಚ್ಚಾಯಿತು. "ಹೂಂ", "ಇಲ್ಲ" ಎಂಬಷ್ಟೇ ಹೊರಡುತ್ತಿದ್ದರೆ ಅದು ಪಂದ್ಯದ ವೇಗ. ಹಾಡಲು ಬರುವಷ್ಟು ಆರಾಮಿದ್ದರೂ ಹೊಸಬರ ಮಟ್ಟಿಗೆ ಅದು ತಪ್ಪಲ್ಲ. ನಿಧಾನವಾಗಿ ಓಡಿ ಕೆಟ್ಟವರು ಅಪರೂಪ, ಜೋರಾಗಿ ಓಡಿ ಬಿಟ್ಟವರೇ ಹೆಚ್ಚು.

ಜಪಾನಿನ ಫುಕುವೋಕಾ ವಿಶ್ವವಿದ್ಯಾಲಯದಲ್ಲಿದ್ದ ಹಿರೋಅಕಿ ತನಾಕಾ ಈ ಹದಕ್ಕೆ "ನಿಕೋ ನಿಕೋ" ಎಂಬ ಹೆಸರು ಕೊಟ್ಟರು, ಅಂದರೆ ಮುಗುಳ್ನಗೆಯ ವೇಗ. ಮುಖ ಸಿಂಡರಿಸದೆ, ನಗುತ್ತಾ ಓಡಲು ಆಗುವಷ್ಟೇ ಓಡಿ ಎಂಬುದು ಅದರ ತಿರುಳು. ಅವರ ಕ್ರಮದಲ್ಲಿ ಶುರುವಿನ ವೇಗ ಗಂಟೆಗೆ 4-5 ಕಿಲೋಮೀಟರ್ ಅಷ್ಟೇ, ಅಂದರೆ ನಡಿಗೆಯ ವೇಗದಲ್ಲೇ ಓಟ. ಹೆಜ್ಜೆ ಪುಟ್ಟದು, ಕಾಲು ಮಾತ್ರ ಓಟದ್ದು.

ಅಂಕಿಯಲ್ಲಿ ಹೇಳುವುದಾದರೆ ಹೆಚ್ಚಿನ ಹೊಸಬರಿಗೆ ಈ ಹದ ಕಿಲೋಮೀಟರಿಗೆ ಏಳೂವರೆಯಿಂದ 10 ನಿಮಿಷದ ನಡುವೆ ಬೀಳುತ್ತದೆ. ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋಗಬಹುದು, ಹೋಗಲಿ ಬಿಡಿ. 10ರಲ್ಲಿ ಎಷ್ಟು ಕಷ್ಟ ಎಂದು ನಿಮ್ಮನ್ನೇ ಕೇಳಿಕೊಂಡರೆ 3 ಅಥವಾ 4 ಎಂಬ ಉತ್ತರ ಬರಬೇಕು. 6 ಬಂದರೆ ಆ ದಿನದ ಉದ್ದೇಶ ತಪ್ಪಿತು.

ಹೃದಯ ಬಡಿತ ನೋಡುವ ವಾಚ್ ಇದ್ದರೆ 220ರಿಂದ ವಯಸ್ಸು ಕಳೆದು ಬರುವ ಗರಿಷ್ಠ ಬಡಿತದಲ್ಲಿ ಶೇಕಡಾ 65ರಿಂದ 75ರಷ್ಟು ಎಂದು ಲೆಕ್ಕ ಇಟ್ಟುಕೊಳ್ಳಬಹುದು. ವಯಸ್ಸು 40 ಆದರೆ ಗರಿಷ್ಠ 180, ಓಟದ ಹದ 117ರಿಂದ 135. ಆದರೆ ಈ ಸೂತ್ರ ಒಬ್ಬೊಬ್ಬರಿಗೆ 10-12 ಬಡಿತ ಆಚೀಚೆ ಆಗುತ್ತದೆ. ಹಾಗಾಗಿ ಬಾಯಿಯ ಪರೀಕ್ಷೆಗೂ ವಾಚಿನ ಅಂಕಿಗೂ ಜಗಳ ಬಂದರೆ ಬಾಯಿಯನ್ನೇ ನಂಬಿ. ಮಣಿಕಟ್ಟಿನ ವಾಚುಗಳಿಗೆ ಇನ್ನೊಂದು ತೊಂದರೆ ಇದೆ. ಓಡುವಾಗ ಕೈಯ ಅಲುಗಾಟವನ್ನೇ ನಾಡಿ ಎಂದು ತಪ್ಪು ತಿಳಿದು, ಹೆಜ್ಜೆಯ ಲೆಕ್ಕವನ್ನು ಬಡಿತದ ಲೆಕ್ಕವಾಗಿ ತೋರಿಸಿಬಿಡುತ್ತವೆ. ಆರಾಮಾಗಿ ಮಾತಾಡುತ್ತಿದ್ದರೂ ವಾಚ್ 165-170ರಲ್ಲಿ ಅಂಟಿಕೊಂಡು ನಿಂತಿದ್ದರೆ ಅನುಮಾನಪಡಿ. ನಿಂತು ಕತ್ತಿನ ಪಕ್ಕದ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ, 4ರಿಂದ ಗುಣಿಸಿ. ಪಟ್ಟಿಯನ್ನು ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿದರೆ ಈ ತೊಂದರೆ ಕಡಿಮೆ.

ಮೊದಲ ವಾರಗಳಲ್ಲಿ ಎಷ್ಟೇ ನಿಧಾನ ಮಾಡಿದರೂ ಓಡಿದ ಕೂಡಲೇ ಬಡಿತ ಏರುತ್ತದೆ ಎನ್ನುವವರಿದ್ದಾರೆ. ಅದಕ್ಕೇ ನಡಿಗೆ ಬೆರೆಸುವುದು. ಓಟದ ನಡುವೆ ನಡೆಯುವುದು ಸೋಲಲ್ಲ, ಅದು ಕ್ರಮದ ಭಾಗ. 1972ರ ಒಲಿಂಪಿಕ್ಸಿನಲ್ಲಿ ಅಮೆರಿಕದ ಪರವಾಗಿ 10,000 ಮೀಟರ್ ಓಡಿದ್ದ ಜೆಫ್ ಗ್ಯಾಲೋವೇ ಹೊಸಬರಿಗೆ ಕಲಿಸಲು 1974ರಲ್ಲಿ ಹಿಡಿದ ದಾರಿ ಇದೇ: ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮುಂಚೆಯೇ ನಡೆಯುವುದು. ಈ ಒಂದು ವ್ಯತ್ಯಾಸದಲ್ಲೇ ಎಲ್ಲ ಇದೆ. ಕಾಲು ಕುಸಿದ ಮೇಲೆ ನಡೆದರೆ ಮತ್ತೆ ಓಟಕ್ಕೆ ಬರುವುದು ಕಷ್ಟ. ಇನ್ನೂ ಶಕ್ತಿ ಇರುವಾಗಲೇ ನಡೆದರೆ ಹತ್ತನೇ ಸುತ್ತೂ ಮೊದಲನೆಯದರಂತೆಯೇ ಇರುತ್ತದೆ.

ಉಸಿರು ಮೊದಲು ಪಳಗುತ್ತದೆ, ಎಲುಬು ಕೊನೆಗೆ

ಈ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೈಯ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಓಟಕ್ಕೆ ಹೊಂದಿಕೊಳ್ಳುವುದಿಲ್ಲ.

ಮೊದಲು ಬದಲಾಗುವುದು ರಕ್ತ. ಒಂದೆರಡು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಒಂದು ಬಡಿತಕ್ಕೆ ಹೃದಯ ಹೆಚ್ಚು ರಕ್ತ ದೂಡುತ್ತದೆ, ಅದೇ ವೇಗಕ್ಕೆ ಏದುಸಿರು ಕಡಿಮೆಯಾಗುತ್ತದೆ. ಆಮೇಲೆ ಸ್ನಾಯುಗಳ ಸರದಿ. ನಿಧಾನ ಓಟದಲ್ಲಿ ಸ್ನಾಯುವಿನ ಎಳೆಗಳ ಸುತ್ತ ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಎಳೆಗಳ ಒಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ, ಕೊಬ್ಬನ್ನು ಉರಿಸುವ ತಾಕತ್ತು ಬೆಳೆಯುತ್ತದೆ. ಇದಕ್ಕೆ ಆರೆಂಟು ವಾರ ಬೇಕು. ದೂರದ ಓಟಕ್ಕೆ ಕೊಬ್ಬು ಯಾಕೆ ಮುಖ್ಯ ಎಂದರೆ, ಸ್ನಾಯು ಮತ್ತು ಯಕೃತ್ತಿನಲ್ಲಿ ಸಕ್ಕರೆಯ ರೂಪದಲ್ಲಿ ಕೂಡಿಟ್ಟಿರುವುದು ಸುಮಾರು 2,000 ಕ್ಯಾಲೊರಿಯಷ್ಟು ಮಾತ್ರ. ಕೊಬ್ಬು ತೆಳ್ಳಗಿರುವವರ ಮೈಯಲ್ಲೂ ಹತ್ತಾರು ಸಾವಿರ ಕ್ಯಾಲೊರಿಯಷ್ಟಿದೆ. ಜೋರಾಗಿ ಓಡಿದರೆ ಮೈ ಸಕ್ಕರೆಗೆ ಕೈ ಹಾಕುತ್ತದೆ, ನಿಧಾನವಾಗಿ ಓಡಿದರೆ ಕೊಬ್ಬಿನ ಪಾಲು ಹೆಚ್ಚು.

ಕೊನೆಗೆ ಬರುವವು ಸ್ನಾಯುವನ್ನು ಎಲುಬಿಗೆ ಕಟ್ಟಿಹಿಡಿಯುವ ಸ್ನಾಯುರಜ್ಜು ಮತ್ತು ಎಲುಬು. ಅವಕ್ಕೆ ರಕ್ತದ ಹರಿವು ಕಡಿಮೆ ಅಥವಾ ಕಟ್ಟುವ ಕೆಲಸ ನಿಧಾನ. ಎಲುಬು ಗಟ್ಟಿಯಾಗುವ ರೀತಿ ನೋಡಿ: ಹೊಸ ಭಾರ ಬಿದ್ದಾಗ ಮೊದಲು ಹಳೆಯ ಅಂಶವನ್ನು ಕೆರೆದು ತೆಗೆಯುತ್ತದೆ, ಆಮೇಲೆ ಅಲ್ಲಿ ಹೊಸದನ್ನು ತುಂಬುತ್ತದೆ. ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು. ಅಂದರೆ ಶುರುವಿನ ಕೆಲವು ವಾರ, ಕೆರೆದಾಗಿದೆ ಆದರೆ ತುಂಬಿಲ್ಲ ಎಂಬ ಹೊತ್ತಿನಲ್ಲಿ, ಆ ಜಾಗ ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರುತ್ತದೆ. ಒಂದೊಂದು ಹೆಜ್ಜೆಗೆ ಮೈಭಾರದ ಎರಡರಿಂದ ಮೂರು ಪಟ್ಟು ಹೊಡೆತ ಕಾಲಿಗೆ ಬೀಳುತ್ತದೆ. 30 ನಿಮಿಷದ ಓಟದಲ್ಲಿ ಅಂಥ ಹೆಜ್ಜೆ ಸುಮಾರು 4,800.

ಈಗ ಎರಡನ್ನೂ ಕೂಡಿಸಿ. ನಾಲ್ಕೈದು ವಾರ ಕಳೆಯುವಷ್ಟರಲ್ಲಿ ಉಸಿರು ಹಗುರಾಗುತ್ತದೆ, "ಇನ್ನೂ ಓಡಬಲ್ಲೆ, ಇನ್ನೂ ಜೋರಾಗಿ ಓಡಬಲ್ಲೆ" ಎಂಬ ಹುರುಪು ಬರುತ್ತದೆ. ಅದು ಸುಳ್ಳಲ್ಲ, ಉಸಿರಿಗೆ ನಿಜಕ್ಕೂ ಆಗುತ್ತದೆ. ಎಲುಬು ಇನ್ನೂ ಅಲ್ಲಿಗೆ ಬಂದಿಲ್ಲ, ಅಷ್ಟೇ. ಹೊಸಬರ ಗಾಯಗಳಲ್ಲಿ ದೊಡ್ಡ ಪಾಲು ಈ ಅಂತರದಲ್ಲಿ ಹುಟ್ಟುತ್ತದೆ. ಐದನೇ ವಾರದಿಂದ ಹತ್ತನೇ ವಾರದವರೆಗೆ ಕ್ರಮ ಮೀರದೆ ಕೈಕಟ್ಟಿ ಕುಳಿತಂತೆ ಇರುವುದೇ ಈ ಕಲಿಕೆಯ ಅತ್ಯಂತ ಕಠಿಣ ಭಾಗ.

ನಿಧಾನ ಓಟ ಹೊಸಬರಿಗೆ ಮಾತ್ರ ಎಂದೂ ತಿಳಿಯಬೇಡಿ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ತಮ್ಮ ಓಟಗಾರರಿಗೆಲ್ಲ ಮೊದಲು ತಿಂಗಳುಗಟ್ಟಲೆ ದೂರದ ಓಟ ಕೊಡುತ್ತಿದ್ದರು. ಬರೀ 800 ಮೀಟರಿನ ಓಟಗಾರನಾಗಿದ್ದ ಪೀಟರ್ ಸ್ನೆಲ್ ಕೂಡ ಗುಡ್ಡದ ದಾರಿಯಲ್ಲಿ ಒಂದೇ ಬಾರಿಗೆ 35 ಕಿಲೋಮೀಟರ್ ಓಡಬೇಕಿತ್ತು. ಆ ಸ್ನೆಲ್ 1960ರ ರೋಮ್ ಒಲಿಂಪಿಕ್ಸಿನಲ್ಲಿ 800 ಮೀಟರಿನ ಚಿನ್ನ ಗೆದ್ದರು. ಅದೇ ದಿನ ಲಿಡಿಯಾರ್ಡರ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್‌ಬರ್ಗ್ 5,000 ಮೀಟರಿನ ಚಿನ್ನ ಗೆದ್ದರು.

ಶುರು ಮಾಡುವ ಮುಂಚೆ

30 ನಿಮಿಷ ನಿಲ್ಲದೆ ಬಿರುಸಾಗಿ ನಡೆಯಲು ಆಗಬೇಕು. ಆಗದಿದ್ದರೆ ಓಟವನ್ನು ಎರಡು ಮೂರು ವಾರ ಮುಂದೆ ಹಾಕಿ, ವಾರಕ್ಕೆ ಐದು ದಿನ ನಡೆಯಿರಿ. ಹೃದ್ರೋಗ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಇರುವವರು, ನಡೆಯುವಾಗಲೇ ಎದೆ ಬಿಗಿದಂತಾಗುವವರು, ಕಣ್ಣು ಕತ್ತಲೆ ಬಂದು ಬಿದ್ದ ಅನುಭವ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತದಿಂದ ಯಾರಾದರೂ ತೀರಿಕೊಂಡಿದ್ದರೆ, ಗರ್ಭಿಣಿಯರು: ಇವರೆಲ್ಲ ವೈದ್ಯರನ್ನು ಕೇಳಿಯೇ ಹೊರಡಬೇಕು.

ಶೂ ವಿಷಯದಲ್ಲಿ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟು ಬೇಕಿಲ್ಲ. ಓಡಲೆಂದೇ ಮಾಡಿದ ಶೂ ಆಗಿರಲಿ, ಹಾಕಿ ನಾಲ್ಕು ಹೆಜ್ಜೆ ಓಡಿದಾಗ ಎಲ್ಲೂ ಒತ್ತದೆ ಹಿತವಾಗಿರಲಿ. ಹಿತವೇ ಅತ್ಯುತ್ತಮ ಅಳತೆ. ಪಾದ ದಿನವಿಡೀ ಸ್ವಲ್ಪ ಊದುವುದರಿಂದ ಸಂಜೆ ಹೊತ್ತು, ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಎದ್ದು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ತಳದ ಮೆತ್ತೆ ಸತ್ತಿರುತ್ತದೆ, ಮೇಲೆ ಎಷ್ಟೇ ಹೊಸದಾಗಿ ಕಂಡರೂ ಬದಲಿಸಬೇಕು.

ಹಿಮ್ಮಡಿ ಮೇಲಕ್ಕೂ ಕೆಳಕ್ಕೂ ಜಾರುತ್ತಿದ್ದರೆ ಶೂ ಬದಲಿಸುವ ಮುಂಚೆ ಲೇಸ್ ಕಟ್ಟುವ ರೀತಿ ಬದಲಿಸಿ ನೋಡಿ. ಓಟದ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಸರಿದು, ಬಳಸದೇ ಬಿಟ್ಟ ಒಂದು ತೂತು ಇರುತ್ತದೆ. ಲೇಸನ್ನು ಅದರ ಕೆಳಗಿನ ತೂತಿನವರೆಗೆ ಎಂದಿನಂತೆ ಹೆಣೆದು ತನ್ನಿ. ಈಗ ಎಡಗಡೆಯ ಲೇಸನ್ನು ಬಲಕ್ಕೆ ದಾಟಿಸದೆ, ಎಡಗಡೆಯದೇ ಮೇಲಿನ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ. ಪೂರ್ತಿ ಎಳೆಯಬೇಡಿ, ಹೊರಗೆ ಸಣ್ಣದೊಂದು ಕುಣಿಕೆ ಉಳಿಯಲಿ. ಬಲಗಡೆಯೂ ಹೀಗೆಯೇ. ಆಮೇಲೆ ಎಡ ಲೇಸಿನ ತುದಿಯನ್ನು ಬಲದ ಕುಣಿಕೆಯೊಳಗೆ, ಬಲ ಲೇಸಿನ ತುದಿಯನ್ನು ಎಡದ ಕುಣಿಕೆಯೊಳಗೆ ತೂರಿಸಿ, ಎರಡೂ ತುದಿಗಳನ್ನು ಒಟ್ಟಿಗೆ ಎಳೆಯಿರಿ. ಕುಣಿಕೆಗಳು ಬಿಗಿದುಕೊಂಡು ಕಣಕಾಲಿನ ಸುತ್ತ ಶೂ ಕಚ್ಚಿ ಕೂರುತ್ತದೆ, ಬೆರಳುಗಳ ಕಡೆ ಸಡಿಲವಾಗಿಯೇ ಇರುತ್ತದೆ. ಮೇಲೆ ಎಂದಿನ ಗಂಟು ಹಾಕಿ.

ಒಂದು ದಿನದ ಓಟ, ಮೊದಲ ಹೆಜ್ಜೆಯಿಂದ

5 ನಿಮಿಷ ನಡೆಯಿರಿ. ಮೊದಲೆರಡು ನಿಮಿಷ ಆರಾಮಾಗಿ, ಆಮೇಲೆ ಬಿರುಸಾಗಿ. ನಿಂತು ಕಾಲು ಎಳೆದು ಹಿಡಿಯುವ ವ್ಯಾಯಾಮ ಓಟದ ಮುಂಚೆ ಬೇಕಿಲ್ಲ. ತಣ್ಣಗಿರುವ ಸ್ನಾಯುವನ್ನು ಎಳೆದು ಹಿಡಿಯುವುದರಿಂದ ಗಾಯ ತಪ್ಪುವುದಿಲ್ಲ, ನಡಿಗೆಯಿಂದ ಮೈ ಬೆಚ್ಚಗಾದರೆ ಸಾಕು.

ನಡಿಗೆಯಿಂದ ಓಟಕ್ಕೆ ದಾಟುವ ಆ ಕ್ಷಣದಲ್ಲೇ ಹೆಚ್ಚಿನವರು ತಪ್ಪುವುದು. ಕಾಲು ಮುಂದಕ್ಕೆ ಚಾಚಿ ಜಿಗಿಯುತ್ತಾರೆ. ಹಾಗಲ್ಲ. ಬಿರುಸಾದ ನಡಿಗೆಯ ವೇಗವನ್ನು ಹಾಗೇ ಇಟ್ಟುಕೊಂಡು, ಹೆಜ್ಜೆಯನ್ನು ಮಾತ್ರ ಚಿಕ್ಕದು ಮಾಡಿ ಓಟಕ್ಕೆ ಇಳಿಯಿರಿ. ನಿಂತಲ್ಲೇ ಓಡುತ್ತಿದ್ದೇನೋ ಎನ್ನಿಸುವಷ್ಟು ಚಿಕ್ಕದು. ಪಾದ ಮೈಯ ಮುಂದೆ ದೂರದಲ್ಲಿ ಬೀಳಬಾರದು, ಹೆಚ್ಚುಕಡಿಮೆ ಸೊಂಟದ ಕೆಳಗೇ ಬೀಳಬೇಕು. ದೂರ ಚಾಚಿದ ಕಾಲು ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿದಂತೆ, ಆ ಹೊಡೆತ ನೇರವಾಗಿ ಮೊಣಕಾಲಿಗೆ ಹೋಗುತ್ತದೆ. ಹಿಮ್ಮಡಿ ಮೊದಲೋ ಮುಂಗಾಲು ಮೊದಲೋ ಎಂಬ ಚರ್ಚೆ ಈಗ ಬೇಡ, ಪಾದ ಎಲ್ಲಿ ಬೀಳುತ್ತದೆ ಎಂಬುದು ಸರಿಯಿದ್ದರೆ ಹೇಗೆ ಬೀಳುತ್ತದೆ ಎಂಬುದು ತಾನೇ ಸರಿಹೋಗುತ್ತದೆ.

ಸದ್ದು ಕೇಳಿಸಿಕೊಳ್ಳಿ. ದಪದಪ ಎಂದು ಕೇಳಿದರೆ ಹೆಜ್ಜೆ ಉದ್ದವಾಗಿದೆ ಅಥವಾ ಮೈ ಮೇಲಕ್ಕೆ ಹಾರುತ್ತಿದೆ. ಬಲಗಾಲು ನೆಲಕ್ಕೆ ತಾಗುವುದನ್ನು 30 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ತಿಳಿಯುತ್ತದೆ. 40 ಬಂದರೆ 160. ನಿಧಾನ ಓಟದಲ್ಲಿ 155ರಿಂದ 170ರವರೆಗೆ ಇದ್ದರೆ ಚಿಂತೆಯಿಲ್ಲ. 145 ಇದ್ದರೆ ಶೇಕಡಾ 5ರಷ್ಟು ಮಾತ್ರ ಏರಿಸಿ, ಅಂದರೆ 152ಕ್ಕೆ. ಒಮ್ಮೆಲೇ 180ಕ್ಕೆ ಹಾರಿದರೆ ಮೀನಖಂಡ ಎರಡೇ ದಿನದಲ್ಲಿ ಕಲ್ಲಾಗುತ್ತದೆ.

ಭುಜ ಇಳಿಬಿಡಿ, ಅವು ಸುಸ್ತಾದಂತೆ ಕಿವಿಯ ಕಡೆಗೆ ಏರುತ್ತಲೇ ಇರುತ್ತವೆ. ಮುಷ್ಟಿ ಬಿಗಿಯಬೇಡಿ. ಉಸಿರು ಮೂಗಿನಿಂದಲೇ ಆಗಬೇಕೆಂಬ ನಿಯಮ ಇಲ್ಲ, ಬಾಯಿ ಮೂಗು ಎರಡರಿಂದಲೂ ಬರಲಿ. ಏರು ಬಂದರೆ ವೇಗವನ್ನಲ್ಲ, ಉಸಿರಿನ ಹದವನ್ನು ಹಿಡಿದಿಟ್ಟುಕೊಳ್ಳಿ, ಅದಕ್ಕೆ ನಡೆಯಬೇಕಾದರೆ ನಡೆಯಿರಿ. ಮುಗಿದ ಮೇಲೆ ತಟ್ಟನೆ ನಿಲ್ಲಬೇಡಿ. ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ಹಿಂಡುತ್ತಿರುತ್ತವೆ. ಅವು ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. 5 ನಿಮಿಷ ನಡೆದು ಮುಗಿಸಿ.

ವಾರಗಳ ಲೆಕ್ಕ

ವಾರಕ್ಕೆ 3 ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು. ಲೆಕ್ಕ ಇಡುವುದು ನಿಮಿಷದಲ್ಲಿ, ಕಿಲೋಮೀಟರಿನಲ್ಲಲ್ಲ. ಕಿಲೋಮೀಟರಿನ ಗುರಿ ಇಟ್ಟುಕೊಂಡರೆ ಬೇಗ ಮುಗಿಸುವ ಆಸೆ ಹುಟ್ಟುತ್ತದೆ. ನಿಮಿಷದ ಗುರಿಗೆ ಜೋರಾಗಿ ಓಡಿ ಸಿಗುವುದೇನೂ ಇಲ್ಲ. ಕೆಳಗಿನದಕ್ಕೆ ಹಿಂದೆ ಮುಂದೆ 5 ನಿಮಿಷದ ನಡಿಗೆ ಸೇರಿಸಿಕೊಳ್ಳಿ.

1ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ
2ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ
3ನೇ ವಾರ: 3 ನಿಮಿಷ ಓಟ, 2 ನಿಮಿಷ ನಡಿಗೆ, 5 ಸಲ
4ನೇ ವಾರ, ಹಗುರ: 3 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ
5ನೇ ವಾರ: 5 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ
6ನೇ ವಾರ: 8 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ
7ನೇ ವಾರ: 12 ನಿಮಿಷ ಓಟ, 2 ನಿಮಿಷ ನಡಿಗೆ, 2 ಸಲ
8ನೇ ವಾರ, ಹಗುರ: 8 ನಿಮಿಷ ಓಟ, 2 ನಿಮಿಷ ನಡಿಗೆ, 2 ಸಲ
9ನೇ ವಾರ: ಒಂದು ದಿನ 20 ನಿಮಿಷ ನಿಲ್ಲದೆ, ಉಳಿದೆರಡು ದಿನ 7ನೇ ವಾರದಂತೆ
10ನೇ ವಾರ: ಒಂದು ದಿನ 25 ನಿಮಿಷ, ಉಳಿದೆರಡು ದಿನ 20
11ನೇ ವಾರ: ಒಂದು ದಿನ 30 ನಿಮಿಷ, ಉಳಿದೆರಡು ದಿನ 25
12ನೇ ವಾರ, ಹಗುರ: ಮೂರು ದಿನವೂ 20

ಮುಂದಿನ ವಾರಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ಕ್ಯಾಲೆಂಡರ್ ತೀರ್ಮಾನಿಸಬಾರದು. ಎರಡು ಪ್ರಶ್ನೆ ಕೇಳಿಕೊಳ್ಳಿ: ಕೊನೆಯ ಸುತ್ತಿನ ಕೊನೆಯ ನಿಮಿಷದಲ್ಲೂ ಪೂರ್ತಿ ವಾಕ್ಯ ಹೇಳಲು ಆಯಿತೇ? ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹತ್ತು ಹೆಜ್ಜೆ ನೋವಿಲ್ಲದೆ ಇದ್ದವೇ? ಎರಡಕ್ಕೂ ಹೌದು ಎಂದರೆ ಮುಂದೆ ಹೋಗಿ. ಇಲ್ಲದಿದ್ದರೆ ಅದೇ ವಾರ ಮತ್ತೊಮ್ಮೆ. ಒಂದೇ ವಾರವನ್ನು ಮೂರು ಸಲ ಮಾಡಿದವರೂ ಕೊನೆಗೆ ಅಲ್ಲಿಗೇ ತಲುಪುತ್ತಾರೆ. ಹಗುರ ವಾರಗಳನ್ನು ಮಾತ್ರ ಬಿಡಬೇಡಿ. ಕೆರೆದ ಎಲುಬು ತುಂಬಿಕೊಳ್ಳುವುದು ಆಗಲೇ.

12 ವಾರ ಮುಗಿದ ಮೇಲೆ ವಾರದಲ್ಲಿ ಒಂದೇ ಒಂದು ದಿನದ ಓಟವನ್ನು ಉದ್ದ ಮಾಡುತ್ತಾ ಹೋಗಿ, ಉಳಿದೆರಡು ದಿನ 30 ನಿಮಿಷದಲ್ಲೇ ಇರಲಿ. ಉದ್ದದ ಓಟಕ್ಕೆ ವಾರಕ್ಕೆ 5 ನಿಮಿಷ ಸೇರಿಸಿ: 35, 40, 45, ಆಮೇಲೆ ಹಗುರ ವಾರಕ್ಕೆ 30ಕ್ಕೆ ಇಳಿಸಿ. ಮತ್ತೆ 50, 55, 60, ಆಮೇಲೆ 40. ಹೀಗೆ 19ನೇ ವಾರಕ್ಕೆ ಒಂದು ಗಂಟೆ ನಿಲ್ಲದೆ ಓಡುತ್ತೀರಿ. ಕಿಲೋಮೀಟರಿಗೆ 8 ನಿಮಿಷದ ಹದದಲ್ಲಿ ಅದು ಏಳೂವರೆ ಕಿಲೋಮೀಟರ್. ಇದೇ ಲೆಕ್ಕದಲ್ಲಿ 65, 70, 75, 50 ಎಂದು ಮುಂದುವರಿದರೆ 25ನೇ ವಾರದ 80 ನಿಮಿಷಕ್ಕೆ 10 ಕಿಲೋಮೀಟರ್ ಆಗುತ್ತದೆ. ಆದರೆ ಒಂದು ಗಂಟೆಯ ಗಡಿ ದಾಟುವ ಮುಂಚೆ ವಾರಕ್ಕೆ ನಾಲ್ಕನೇ ದಿನ ಸೇರಿಸಿ, 20 ನಿಮಿಷದ್ದು ಸಾಕು. ವಾರದ ಒಟ್ಟು ಓಟದ ಅರ್ಧಕ್ಕಿಂತ ಹೆಚ್ಚನ್ನು ಒಂದೇ ದಿನದ ಮೇಲೆ ಹೊರಿಸಿದರೆ ಕಾಲು ಅದನ್ನು ತಡೆದುಕೊಳ್ಳುವುದಿಲ್ಲ.

ನಡುವೆ ಒಂದು ವಾರ ತಪ್ಪಿದರೆ ಕೊನೆಗೆ ಮಾಡಿದ ವಾರದಿಂದಲೇ ಮುಂದುವರಿಸಿ. ಎರಡು ಮೂರು ವಾರ ತಪ್ಪಿದರೆ ಅಷ್ಟೇ ವಾರ ಹಿಂದಕ್ಕೆ ಹೋಗಿ. ಒಂದು ತಿಂಗಳಿಗಿಂತ ಹೆಚ್ಚಾದರೆ ಮೊದಲಿನಿಂದ ಶುರು ಮಾಡಿ, ಈ ಸಲ ಒಂದೊಂದು ವಾರ ಬೇಗ ದಾಟುತ್ತದೆ. ತಪ್ಪಿದ ದಿನಗಳನ್ನು ಸೇರಿಸಿ ಒಟ್ಟಿಗೆ ಓಡುವುದು ಮಾತ್ರ ಬೇಡವೇ ಬೇಡ. ಜ್ವರ ಇದ್ದಾಗ, ಎದೆಯಲ್ಲಿ ಕಫ ಕಟ್ಟಿದಾಗ ಓಡಬಾರದು.

ಬಿಡುವಿನ ದಿನಗಳಲ್ಲಿ ಎರಡು ದಿನ, ಹತ್ತೇ ನಿಮಿಷ, ಕಾಲಿಗೆ ಬಲ ಕೊಡಿ. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, 3 ಸುತ್ತು. ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ. ಅದು ಹಗುರಾದ ಮೇಲೆ ಒಂಟಿ ಕಾಲಿನಲ್ಲಿ. ಜೊತೆಗೆ ಕುರ್ಚಿಯಲ್ಲಿ ಕೂತೆದ್ದಂತೆ ಬಸ್ಕಿ 12 ಸಲ, 3 ಸುತ್ತು. ಓಟದಲ್ಲಿ ಮೈಭಾರ ಹೊರುವುದರಲ್ಲಿ ಮೀನಖಂಡದ ಪಾಲು ಬಹಳ ದೊಡ್ಡದು, ಅದನ್ನು ಬಲಪಡಿಸಿದವರಿಗೆ ಮುಂದೆ ಹೇಳುವ ಅರ್ಧ ತೊಂದರೆಗಳು ದೂರ.

ಕೆಡುವುದು ಎಲ್ಲಿ

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಕಣ್ಣಿಗೆ ಕಾಣುವುದಿಲ್ಲ. ದಿನವೂ ನಿನ್ನೆಗಿಂತ ಸ್ವಲ್ಪ ಬೇಗ ಓಡುವುದು. 10ರಲ್ಲಿ 3 ಇದ್ದ ಕಷ್ಟ ಗೊತ್ತಾಗದಂತೆ 5 ಆಗಿ, 6 ಆಗಿ, ಎಲ್ಲ ಓಟವೂ ಒಂದು ಸಣ್ಣ ಪರೀಕ್ಷೆಯಾಗಿಬಿಡುತ್ತದೆ. ಮೈ ಚೇತರಿಸಿಕೊಳ್ಳುವುದಿಲ್ಲ, ಮುಂದೂ ಹೋಗುವುದಿಲ್ಲ. ಬೆಳಿಗ್ಗೆ ಏಳುವಾಗ ಕಾಲು ಭಾರ, ಓಡುವ ದಿನ ಬಂದರೆ ಬೇಸರ, ನಿದ್ದೆ ಸರಿಯಿಲ್ಲ ಎಂದಾದರೆ ಮೊದಲು ವೇಗ ನೋಡಿ.

ಪಕ್ಕೆಯಲ್ಲಿ ಚುಚ್ಚಿದರೆ ನಡಿಗೆಗೆ ಇಳಿದು, ಚುಚ್ಚುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ತುಟಿ ಕೂಡಿಸಿ ಉಸಿರನ್ನು ಉದ್ದಕ್ಕೆ ಹೊರಬಿಡಿ. ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಹೊಟ್ಟೆ ತುಂಬಿರುವಾಗ ಇದು ಹೆಚ್ಚು, ಊಟವಾಗಿ ಎರಡು ಮೂರು ಗಂಟೆ ಬಿಟ್ಟು ಓಡಿ.

ಓಡಿದ ಮಾರನೇ ದಿನ, ಅದರ ಮಾರನೇ ದಿನ ತೊಡೆ, ಮೀನಖಂಡ ಎರಡೂ ಕಾಲಲ್ಲಿ ಸಮವಾಗಿ ನೋಯುವುದು ಸ್ನಾಯುವಿನ ನೋವು, ಹೆದರಬೇಕಿಲ್ಲ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವಿದ್ದರೆ ಅದು ಬೇರೆ ಮಾತು. ಇದನ್ನು ಮೊಣಕಾಲಿನ ಕೆಳಗಿನ ಎಲುಬಿನ ವಿಷಯದಲ್ಲಿ ಎಚ್ಚರದಿಂದ ನೋಡಬೇಕು. ಕುಳಿತು, ಎಲುಬಿನ ಒಳಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ನಾಲ್ಕಾರು ಬೆರಳಿನಷ್ಟು ಉದ್ದಕ್ಕೂ ಮಂದವಾಗಿ ನೋಯುತ್ತಿದ್ದರೆ ಅದು ಹೊಸ ಓಟಗಾರರನ್ನು ಕಾಡುವ ಶಿನ್ ಸ್ಪ್ಲಿಂಟ್ ಇರಬಹುದು. ಒಂದೆರಡು ವಾರ ಓಟ ತಗ್ಗಿಸಿ, ಹೆಜ್ಜೆ ಚಿಕ್ಕದು ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಬೆರಳತುದಿಯಷ್ಟೇ ಜಾಗದಲ್ಲಿ ಚುರುಕ್ಕೆನ್ನುವ ನೋವು, ಆ ಕಾಲಿನಲ್ಲಿ ಒಂದು ಸಲ ಕುಪ್ಪಳಿಸಿದರೆ ಜೀವ ಹೋದಂತೆ ಆಗುವುದು, ರಾತ್ರಿ ಮಲಗಿದಾಗಲೂ ನೋವು: ಇವು ಎಲುಬು ಬಿರುಕು ಬಿಟ್ಟಿರುವ ಲಕ್ಷಣ ಇರಬಹುದು. ಓಟ ಪೂರ್ತಿ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು, ಹಾಗಾಗಿ ಎಕ್ಸ್-ರೇ ಸರಿಯಿದೆ ಎಂದು ನೋವಿನ ಮೇಲೆಯೇ ಓಡಲು ಹೋಗಬೇಡಿ.

ಹಿಮ್ಮಡಿಯ ಮೇಲಿನ ದಪ್ಪ ರಜ್ಜು, ಅಕಿಲಿಸ್, ಬೆಳಿಗ್ಗೆ ಬಿಗಿದುಕೊಂಡು ನಡೆಯುತ್ತಾ ಸಡಿಲಾದರೆ ಅದಕ್ಕೆ ಭಾರ ಹೆಚ್ಚಾಗಿದೆ ಎಂದರ್ಥ. ಏರು ದಾರಿ ಬಿಡಿ, ಹಿಮ್ಮಡಿ ಎತ್ತಿಳಿಸುವ ವ್ಯಾಯಾಮ ನಿಧಾನವಾಗಿ ಮುಂದುವರಿಸಿ. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಹೋಗುತ್ತದೆ, ಓಡಿದ ಕೂಡಲೇ ಮರಳುತ್ತದೆ, ಏಕೆಂದರೆ ರಜ್ಜು ಬಲಗೊಂಡಿರುವುದಿಲ್ಲ. ಮೊಣಕಾಲಿನ ಚಿಪ್ಪಿನ ಸುತ್ತ, ಮುಖ್ಯವಾಗಿ ಮೆಟ್ಟಿಲು ಇಳಿಯುವಾಗ ನೋವಿದ್ದರೆ ಇಳಿಜಾರಿನ ಓಟ ತಪ್ಪಿಸಿ, ಹೆಜ್ಜೆಯ ಲೆಕ್ಕ ಶೇಕಡಾ 5 ಏರಿಸಿ ನೋಡಿ.

ಓಡುವಾಗ ಬಂದ ನೋವಿಗೆ ಒಂದು ಸರಳ ನಿಯಮ: 10ರಲ್ಲಿ 3ರೊಳಗಿದ್ದು, ಓಡುತ್ತಾ ಹೆಚ್ಚಾಗದೆ, ಮಾರನೇ ದಿನಕ್ಕೆ ಮೊದಲಿನಂತಾದರೆ ಅಡ್ಡಿಯಿಲ್ಲ. ಹೆಚ್ಚುತ್ತಾ ಹೋದರೆ, ಅಥವಾ ಕುಂಟುವಂತಾದರೆ ಅಲ್ಲಿಂದಲೇ ನಡೆದು ಮನೆಗೆ ಬನ್ನಿ. ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ಕಣ್ಣು ಕತ್ತಲೆ, ಬಡಿತ ತಾಳ ತಪ್ಪಿದಂತೆ ಅನ್ನಿಸುವುದು ಇವಕ್ಕೆ ನಿಯಮವಿಲ್ಲ, ನಿಲ್ಲಿಸಿ ತಕ್ಷಣ ವೈದ್ಯಕೀಯ ನೆರವು ಪಡೆಯಿರಿ.

ಸೆಖೆಯಲ್ಲಿ ಅದೇ ವೇಗಕ್ಕೆ ಬಡಿತ 10 ಅಥವಾ ಅದಕ್ಕೂ ಹೆಚ್ಚು ಏರುತ್ತದೆ, ಏಕೆಂದರೆ ಮೈ ತಣಿಸಲು ರಕ್ತದ ಒಂದು ಪಾಲು ಚರ್ಮಕ್ಕೆ ಹೋಗುತ್ತಿರುತ್ತದೆ. ವೇಗ ಇಳಿಸಿ. ಸೆಖೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಒಂದು ಗಂಟೆಯೊಳಗಿನ ಓಟಕ್ಕೆ ಬಾಯಾರಿದಾಗ ಕುಡಿಯುವ ಬರೀ ನೀರು ಸಾಕು. ಬಾಯಾರಿಕೆ ಇಲ್ಲದೆ ಲೀಟರುಗಟ್ಟಲೆ ಕುಡಿಯುವುದು ಒಳ್ಳೆಯದಲ್ಲ, ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು. ಓಟ 45 ನಿಮಿಷ ದಾಟಿದಂತೆ ತೊಡೆಯ ಒಳಭಾಗ, ಕಂಕುಳು, ಮೊಲೆತೊಟ್ಟು ಉಜ್ಜಿ ಕಿತ್ತುಬರುತ್ತವೆ. ಹೊರಡುವ ಮುಂಚೆ ಅಲ್ಲೆಲ್ಲ ಪೆಟ್ರೋಲಿಯಂ ಜೆಲ್ಲಿ ಸವರಿ, ಹತ್ತಿಯ ಬಟ್ಟೆ ಬಿಟ್ಟು ಬೇಗ ಒಣಗುವ ಬಟ್ಟೆ ಹಾಕಿ.

ಮುಂದುವರಿದಿದ್ದೀರಾ ಎಂದು ನೋಡುವುದು

ದಿನದಿನದ ವೇಗ ನೋಡಿ ಏನೂ ತಿಳಿಯುವುದಿಲ್ಲ. ನಿದ್ದೆ, ಸೆಖೆ, ಊಟ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. 12ನೇ ವಾರದ ನಂತರ ತಿಂಗಳಿಗೊಮ್ಮೆ, ಹಗುರ ವಾರದ ಕೊನೆಯ ಓಟದಲ್ಲಿ ಇದನ್ನು ಮಾಡಿ. ಅದೇ ಸಮತಟ್ಟಾದ ದಾರಿ, ಅದೇ ಹೊತ್ತು, 10 ನಿಮಿಷ ಹಗುರವಾಗಿ ಓಡಿ ಮೈ ಬೆಚ್ಚಗೆ ಮಾಡಿಕೊಂಡು, ಆಮೇಲೆ 2 ಕಿಲೋಮೀಟರನ್ನು ಒಂದೇ ಹೃದಯ ಬಡಿತದಲ್ಲಿ, ಉದಾಹರಣೆಗೆ 135ರಲ್ಲಿ ಹಿಡಿದು ಓಡಿ. ವಾಚ್ ಇಲ್ಲದವರು ಪೂರ್ತಿ ವಾಕ್ಯ ಹೇಳಲು ಆಗುವ ಹದದಲ್ಲೇ ಓಡಿ. ಎಷ್ಟು ಹೊತ್ತಾಯಿತು ಎಂದು ಬರೆದಿಡಿ, ಪಕ್ಕದಲ್ಲಿ ಆ ದಿನದ ಸೆಖೆ ಚಳಿಯನ್ನೂ ಬರೆಯಿರಿ. ಮೊದಲ ತಿಂಗಳು 18 ನಿಮಿಷ ಹಿಡಿದದ್ದು ಮೂರನೇ ತಿಂಗಳಿಗೆ 17 ಆಗಿ, ಬಡಿತ ಅಷ್ಟೇ ಇದ್ದರೆ ಹೃದಯ, ಸ್ನಾಯು ಎರಡೂ ಬದಲಾಗಿವೆ. ಎರಡು ತಿಂಗಳು ಒಂದೇ ಕಡೆ ನಿಂತಿದ್ದರೆ ಓಟ ಹೆಚ್ಚಿಸಲು ಹೋಗಬೇಡಿ. ಮೊದಲು ಒಂದು ವಾರ ಪ್ರತಿ ಓಟವನ್ನೂ ಕಿಲೋಮೀಟರಿಗೆ 30 ಸೆಕೆಂಡ್ ನಿಧಾನ ಮಾಡಿ, ರಾತ್ರಿ ಅರ್ಧ ಗಂಟೆ ಬೇಗ ಮಲಗಿ, ಆಮೇಲೆ ಮತ್ತೊಮ್ಮೆ ಅಳೆಯಿರಿ.